ಅವರವರ ಸೇರು

1956ರ ಕಾಯಿದೆ ಬಂದು ಕಿಲೋಗ್ರಾಂ ನೆಲೆಯೂರುವ ಮುನ್ನ ನಮ್ಮಲ್ಲಿ ಸೇರೆಂಬುದು ಊರಿಗೊಂದು ಬಗೆ. ಕಚ್ಚಾ ಸೇರೊಂದು, ಪಕ್ಕಾ ಸೇರೊಂದು. ಈ ಸಂತೆಯಲ್ಲಿ ಅಳೆದು ಕೊಂಡ ರಾಗಿ ಆ ಸಂತೆಯಲ್ಲಿ ಕಡಮೆ ಬೀಳುವುದುಂಟು, ರಾಗಿಯೇನೋ ಅಷ್ಟೇ! ವಿದ್ಯೆಗೂ ಇಂಥ ಸೇರುಗಳುಂಟೆಂದು ನನಗೆ ಮನದಟ್ಟಾದದ್ದು ಅಮೆರಿಕದ ಟೆಕ್ಸಾಸಿನಲ್ಲಿರುವ ನನ್ನ ಸೋದರಸೊಸೆಯಿಂದ.

ಅಲ್ಲಿ 'ಡ್ಯುಯಲ್ ಕ್ರೆಡಿಟ್' ಎಂದೊಂದು ಏರ್ಪಾಡು. ಹೈಸ್ಕೂಲಿನಲ್ಲಿರುವಾಗಲೇ ಕಾಲೇಜಿನ ಪಾಠ ಓದಬಹುದು. ಒಂದೇ ಓದು ಎರಡು ಲೆಕ್ಕಕ್ಕೂ ಜಮೆ. ಕೋರ್ಸಿಗೆ ಸಾಮಾನ್ಯವಾಗಿ 3 ಕ್ರೆಡಿಟ್. ಹುಡುಗಿ 8 ಕೋರ್ಸು ಮುಗಿಸಿ 24 ಕೂಡಿಟ್ಟಳು. ಹೆಚ್ಚುಕಡಮೆ ಒಂದು ವರ್ಷದ ಫೀಸು ಉಳಿಯಿತೆಂದು ತಂಗಿಯೂ ಅವಳ ಯಜಮಾನರೂ ನೆಮ್ಮದಿಯಾಗಿದ್ದರು.

ಟೆಕ್ಸಾಸಿನೊಳಗೇ ಓದುವುದಾದರೆ ದಾರಿ ಸಲೀಸು. ಅಲ್ಲಿನ ಸರ್ಕಾರಿ ಕಾಲೇಜುಗಳಿಗೆ 42 ಕ್ರೆಡಿಟ್ಟಿನ ಮೂಲಪಾಠಗಳ ಚೌಕಟ್ಟಿದೆ. ಒಂದು ಕಾಲೇಜಿನಲ್ಲಿ ಮುಗಿಸಿದ್ದನ್ನು ಇನ್ನೊಂದು ಒಪ್ಪಬೇಕೆಂಬುದು ಕಾನೂನು. ಗಡಿಯಾಚೆ ಆ ಕಾನೂನು ನಡೆಯದು. ಹುಡುಗಿಗೆ ಬೇಕಾದದ್ದು ಹೊರರಾಜ್ಯದ ಖಾಸಗಿ ಕಾಲೇಜು. ಅವರು 3 ಕೋರ್ಸುಗಳನ್ನು ಪದವಿಯ ಅಗತ್ಯಕ್ಕೆ ಸೇರಿಸಿಕೊಂಡರು. ಟೆಕ್ಸಾಸ್ ಸರ್ಕಾರದ ಪಾಠವೂ ಸೇರಿದಂತೆ 3ನ್ನು ಬರಿಯ ಐಚ್ಛಿಕವೆಂದು ಬರೆದುಕೊಂಡರು. ಉಳಿದೆರಡು ಹೈಸ್ಕೂಲಿನ ಕಟ್ಟಡದಲ್ಲೇ ನಡೆದವೆಂದು ಕೈಬಿಟ್ಟರು.

"ಹಾಗಾದರೆ ನಾನು ಓದಿದ್ದು ಓದಲ್ಲವೇ, ಮಾವ?" ಎಂದು ಫೋನಿನಲ್ಲಿ ಕೇಳಿದಳು.

ವರ್ಷವರ್ಷವೂ ಅಂಕ ಹಾಕುವ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಕಾಲೇಜನ್ನು ಬಯ್ಯುವುದು ಸುಲಭ. ಆದರೆ ತಾನು ಕಲಿಸದ ಪಾಠಕ್ಕೆ ತನ್ನ ಮುದ್ರೆ ಒತ್ತಲು ಯಾವ ವಿದ್ಯಾಲಯವಾದರೂ ಹಿಂದುಮುಂದು ನೋಡುತ್ತದೆ. ನನಗೆ ನೋವಾದದ್ದು ಬೇರೊಂದಕ್ಕೆ: ಹದಿನಾರರ ಹುಡುಗಿ ಪಾಠ ಆರಿಸುವಾಗ, ಹದಿನೆಂಟಕ್ಕೆ ಯಾವ ಊರಿನ ಸೇರು ತನ್ನನ್ನು ಅಳೆದೀತೆಂದು ಹೇಗೆ ಬಲ್ಲಳು?

ಅವಳೇನೂ ಅಳುತ್ತ ಕೂರಲಿಲ್ಲ. ಪಠ್ಯಕ್ರಮವನ್ನೂ ತಾನು ಬರೆದ ಪ್ರಬಂಧಗಳನ್ನೂ ಕಳುಹಿಸಿ ಮರುಪರಿಶೀಲನೆ ಕೇಳಿದಳು. ಕೈಬಿಟ್ಟಿದ್ದ ಇಂಗ್ಲಿಷ್ ಪಾಠಕ್ಕೆ ಮನ್ನಣೆ ಸಿಕ್ಕಿತು. ಅಲ್ಲಿ ಬಂಧುಗಳಿರುವ ಓದುಗರು ಇಷ್ಟನ್ನು ಬರೆದು ತಿಳಿಸಬಹುದು: ಪಠ್ಯಕ್ರಮದ ಹಾಳೆಗಳನ್ನು ಎಸೆಯಬಾರದು, ಅಂಕಪಟ್ಟಿ ಕ್ರೆಡಿಟ್ ಕೊಟ್ಟ ಕಾಲೇಜಿನಿಂದಲೇ ಹೋಗಬೇಕು, ಹೈಸ್ಕೂಲಿನದು ಸಾಲದು, ಮನಸ್ಸಿನಲ್ಲಿರುವ ಕಾಲೇಜುಗಳ ನಿಯಮವನ್ನು ಕೋರ್ಸು ಸೇರುವ ಮೊದಲೇ ವಿಚಾರಿಸಬೇಕು.

ಮೊನ್ನೆ ಅವಳನ್ನು ಕೇಳಿದೆ: "ಆ ಟೆಕ್ಸಾಸ್ ಸರ್ಕಾರದ ಪಾಠ ದಂಡವಾಯಿತಲ್ಲಮ್ಮ?"

"ಇಲ್ಲ ಮಾವ," ಎಂದು ನಕ್ಕಳು. "ಅಪ್ಪ ಕಟ್ಟುವ ಮನೆ ತೆರಿಗೆ ಎಲ್ಲೆಲ್ಲಿಗೆ ಹೋಗುತ್ತದೆ ಅಂತ ನಮ್ಮ ಮನೆಯಲ್ಲಿ ಗೊತ್ತಿರುವುದು ನನಗೊಬ್ಬಳಿಗೇ!"