ಏಕತಾರಿಯ ಮಗ್ಗುಲಲ್ಲಿ ಕೀಬೋರ್ಡು

ಬಸವಸಾಗರದ ಗೇಟು ತೆಗೆದಾಗ ನಾರಾಯಣಪುರಕ್ಕೆಲ್ಲ ಒಂದೇ ಸದ್ದು. ಅಂಥದೊಂದು ಸಂಜೆ ತತ್ವಪದ ಹಾಡುವ ಅಜ್ಜನೊಬ್ಬರ ಕಟ್ಟೆಯ ಮೇಲೆ ಕೂತಿದ್ದೆ. ಕೊಡೇಕಲ್ಲ ಬಸವಣ್ಣ, ತಿಂಥಣಿ ಮೌನೇಶ್ವರರ ಸೀಮೆ ಇದು. ಸಂಶೋಧನೆಗೆಂದು ಅವರ ಪದಗಳನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ.

ಆ ದಿನ ಚೀಲದಲ್ಲಿ ಪುಟ್ಟ ಕೀಬೋರ್ಡೂ ಇತ್ತು. ಕಾರಣ ರಿಕಿ ಕೇಜ್. ಅಮೆರಿಕದಲ್ಲಿ ಹುಟ್ಟಿ, ಎಂಟನೆಯ ವಯಸ್ಸಿಗೆ ಬೆಂಗಳೂರಿಗೆ ಬಂದು ಬೆಳೆದ ಈ ಕೀಬೋರ್ಡ್ ವಾದಕ, ದಕ್ಷಿಣ ಆಫ್ರಿಕಾದ ಕೊಳಲುವಾದಕ ವೌಟರ್ ಕೆಲ್ಲರ್‌ಮನ್ ಜೊತೆ ಮಾಡಿದ 'ವಿಂಡ್ಸ್ ಆಫ್ ಸಂಸಾರ' 2015ರಲ್ಲಿ ಗ್ರ್ಯಾಮಿ ಪಡೆಯಿತು. ಹಾಸ್ಟೆಲ್ಲಿನಲ್ಲಿ ಅದನ್ನು ಕೇಳುತ್ತ, ಸಿಂಥಸೈಜರಿನ ನಾದದ ಮೇಲೆ ಕೊಳಲು ತೇಲಿದಂತೆ ಅಜ್ಜನ ದನಿಯೂ ತೇಲಬಹುದಲ್ಲ ಅನ್ನಿಸಿತ್ತು.

ಕೀಲಿ ಒತ್ತಿ ಷಡ್ಜ ಹಿಡಿದೆ. ಅಜ್ಜ ಎರಡು ಸಾಲು ಹಾಡಿ ನಿಲ್ಲಿಸಿದರು.

"ತಮ್ಮಾ, ಇದು ನನ್ನ ಸಂಗಾಟ ಬರವಲ್ದು. ನಾನೇ ಇದರ ಹಿಂದ ಓಡಬೇಕೇನು?"

ಯಂತ್ರ ನಮ್ಮದಲ್ಲ, ಅದಕ್ಕೇ ಒಗ್ಗಲಿಲ್ಲ ಎಂದುಕೊಳ್ಳುವುದು ಸುಲಭವಿತ್ತು. ಆದರೆ ಅದೇ ಪಡಸಾಲೆಯ ಮೂಲೆಯಲ್ಲಿ ಹಾರ್ಮೋನಿಯಂ ಇತ್ತು. ಅದೂ ಯುರೋಪಿನಿಂದ ಬಂದದ್ದೇ. ಗಮಕ ಹೊರಡುವುದಿಲ್ಲವೆಂದು ರೇಡಿಯೊ ಅದನ್ನು 1940ರಿಂದ 1971ರವರೆಗೆ ಹೊರಗಿಟ್ಟಿತ್ತು. ನಮ್ಮ ಭಜನೆಯವರು ಯಾರ ಅಪ್ಪಣೆಗೂ ಕಾಯಲಿಲ್ಲ. ಹಾಗಾದರೆ ತಪ್ಪೆಲ್ಲಿ?

ನಾನು ಅಜ್ಜನ ಶ್ರುತಿಯನ್ನು ಕೇಳಿಯೇ ಇರಲಿಲ್ಲ. ಕೀಬೋರ್ಡು ಸಪ್ತಕವನ್ನು 12 ಸಮಪಾಲು ಮಾಡಿಕೊಂಡು ಕೂತಿರುತ್ತದೆ. ಅಜ್ಜ ತಂತಿ ಬಿಗಿಯುವುದು ಅಂದಿನ ಗಂಟಲಿಗೆ. ಅವರ ಷಡ್ಜ ನನ್ನ ಎರಡು ಕೀಲಿಗಳ ನಡುವೆ ಎಲ್ಲೋ ಇತ್ತು. ಆ ಆಲ್ಬಮ್ಮಿನ ಮೇಲೆ ಕೊಳಲಿನವರ ಹೆಸರೂ ರಿಕಿಯ ಹೆಸರಿನ ಜೊತೆಗೇ ಇದೆ. ಇಬ್ಬರೂ ಕೂಡಿ ಕಟ್ಟಿದ್ದು ಅದು. ನಾನಾದರೋ ಅಜ್ಜನ ದನಿಯನ್ನು ಬರೀ ಸಾಮಗ್ರಿ ಮಾಡಿಕೊಂಡಿದ್ದೆ. ಮಹಾಪ್ರಬಂಧದ ಕರಡಿನಲ್ಲೂ ಅವರು 'ವಕ್ತೃ 7' ಅಷ್ಟೇ.

ಮರುದಿನ ಮೊದಲು ಏಕತಾರಿ ಮಿಡಿಯಿರಿ ಎಂದೆ. ಗುಂಡಿ ಒತ್ತಿ ಒತ್ತಿ ಕೀಬೋರ್ಡಿನ ಶ್ರುತಿಯನ್ನು ಕೂದಲೆಳೆಯಷ್ಟೇ ಇಳಿಸುತ್ತ ಆ ತಂತಿಗೆ ಸೇರಿಸಿದೆ. ಷಡ್ಜ, ಪಂಚಮ ಎರಡೇ; ಉಳಿದ ಕೀಲಿ ಮುಟ್ಟಲಿಲ್ಲ. ಅಜ್ಜ ಕಣ್ಣು ಮುಚ್ಚಿ ಇಡೀ ಪದ ಹಾಡಿದರು.

"ಈಗ ನೋಡು, ಮಗ್ಗಲಕ ಬಂದು ಕುಂತಂಗಾತು."

ಪ್ರಬಂಧದಲ್ಲಿ ನಿಮ್ಮ ಹೆಸರು ಹಾಕಲೇ ಎಂದು ಕೇಳಿದೆ.

"ನಂದ್ಯಾಕ? ನಮ್ಮ ಗುರುವಿಂದು ಹಾಕು" ಅಂದರು.

ಎರಡನ್ನೂ ಬರೆದುಕೊಂಡೆ.