ಮೋಡವೂ ಮುಹೂರ್ತವೂ

ಗರುಡನು ಊರ ಮೇಲೆ ಸುತ್ತು ಹಾಕಿದರೆ ಕೈಮುಗಿಯುವುದು ಹಾಸನ ಸೀಮೆಯ ಹಿರಿಯರಿಗೆ ಇಂದಿಗೂ ರೂಢಿ. ರೆಕ್ಕೆಯನ್ನು ಬಡಿಯದೆ, ಅವಸರವಿಲ್ಲದೆ, ಗಾಳಿಯ ಮೇಲೆ ಕುಳಿತಂತೆ ತೇಲುವ ಆ ಪಕ್ಷಿಯನ್ನು ಕಂಡು, ತಾನೂ ಒಮ್ಮೆ ಹಾಗೆ ಹಾರಬೇಕೆಂದು ಬಯಸದ ಬಾಲಕನು ಯಾವ ಊರಿನಲ್ಲಿಯೂ ಇರಲಾರನು. ದೊಡ್ಡ ವಿಮಾನಗಳು ಆ ಬಯಕೆಯನ್ನು ಅರ್ಧ ಮಾತ್ರ ತೀರಿಸುವುವು. ನೂರಾರು ಜನರೊಡನೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕುಳಿತು, ಮೂವತ್ತು ಸಾವಿರ ಅಡಿಗಳ ಎತ್ತರದಲ್ಲಿ ಬಿಳಿಯ ಮೋಡವನ್ನೇ ನೋಡುತ್ತ ಹೋಗುವವನಿಗೆ ತಾನು ಪ್ರಯಾಣ ಮಾಡುತ್ತಿರುವೆನೆಂಬುದು ತಿಳಿದೀತೇ ಹೊರತು ಹಾರುತ್ತಿರುವೆನೆಂಬುದು ತಿಳಿಯದು. ಹೆಲಿಕಾಪ್ಟರಿನ ಮಾತೂ, ನಾಲ್ಕಾರು ಜನ ಕುಳಿತುಕೊಳ್ಳುವ ಕಿರುವಿಮಾನದ ಮಾತೂ ಬೇರೆ. ಅವು ಗಾಳಿ ಬಂದಾಗ ನಡುಗುವುವು, ಬಿಸಿಲು ಕಾಯ್ದ ಹೊಲದ ಮೇಲೆ ಎದ್ದೇಳುವುವು, ಕೆರೆಯ ಮೇಲೆ ಇಳಿಯುವುವು. ಗರುಡನ ಸುಖವೂ ಅಲ್ಲಿಯೇ, ಗರುಡನಿಗಿಲ್ಲದ ಭಯವೂ ಅಲ್ಲಿಯೇ.

ಗೊರೂರಿನ ಅಣೆಕಟ್ಟಿನಿಂದ ಹೊಳೆನರಸೀಪುರದ ಕಡೆಗೆ, ಮುಂಗಾರು ಮುಗಿದ ಒಂದು ತಿಳಿಯಾದ ಬೆಳಗ್ಗೆ, ಒಂದು ಹೆಲಿಕಾಪ್ಟರು ಸಾವಿರ ಅಡಿಗಳ ಎತ್ತರದಲ್ಲಿ ಸಾಗಿತೆಂದು ವಾಚಕರು ಭಾವಿಸಬಹುದು. ಕೆಳಗೆ ಹೇಮಾವತಿಯು ಹಸುರಿನ ನಡುವೆ ಬಳುಕುತ್ತ ಹೊಳೆನರಸೀಪುರದತ್ತ ಹೋಗುವಳು. ಕಾಲುವೆಗಳು ಬೆಳ್ಳಿಯ ಎಳೆಗಳಂತೆ ಹರಡಿರುವುವು. ಬಲಕ್ಕೆ ಅರಕಲಗೂಡಿನ ಆಲೂಗೆಡ್ಡೆಯ ಕೆಂಪು ಹೊಲಗಳು, ಹೊಗೆಸೊಪ್ಪಿನ ಸಾಲುಗಳು, ಅವುಗಳಾಚೆ ರಾಮನಾಥಪುರದ ಕಾವೇರಿ. ಎಡಕ್ಕೆ ದೂರದಲ್ಲಿ ಚನ್ನರಾಯಪಟ್ಟಣದ ತೆಂಗಿನ ತೋಟಗಳು. ವರ್ಷಗಟ್ಟಲೆ ಒಂದೇ ದಾರಿಯಲ್ಲಿ ನಡೆದವನಿಗೂ ತನ್ನ ಊರು ಇಷ್ಟು ಚಿಕ್ಕದೆಂದೂ, ತನ್ನ ಹೊಳೆ ಇಷ್ಟು ಉದ್ದವೆಂದೂ, ಪಕ್ಕದ ಹೊಲದವನೊಡನೆ ವ್ಯಾಜ್ಯವಾಡಿದ ಬದುವು ಮೇಲಿನಿಂದ ಕಾಣುವುದೇ ಇಲ್ಲವೆಂದೂ ಅಂದು ಮೊದಲ ಬಾರಿಗೆ ತಿಳಿಯುವುದು. ಹುಲ್ಲಿನ ಬಣವೆ, ಕಣದಲ್ಲಿ ಹರವಿದ ರಾಗಿ, ತಲೆಯೆತ್ತಿ ನೋಡುವ ಹುಡುಗರು, ಬೆದರಿ ಓಡುವ ಕರು, ಇವೆಲ್ಲವೂ ಕಾಣುವಷ್ಟು ಸಮೀಪದಲ್ಲಿ ಹಾರುವುದೇ ಈ ವಾಹನದ ಸೊಗಸು.

ಚನ್ನರಾಯಪಟ್ಟಣ ತಾಲ್ಲೂಕಿನವರು ಈ ವಾಹನವನ್ನು ಪುಣ್ಯಕಾರ್ಯವೊಂದರಲ್ಲಿಯೂ ಕಂಡಿರುವರು. 1981ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದ ಗೊಮ್ಮಟನ ಪ್ರತಿಷ್ಠೆಗೆ ಸಾವಿರ ವರ್ಷ ತುಂಬಿದ ಮಹಾಮಸ್ತಕಾಭಿಷೇಕವು ನಡೆದಾಗ, ಅಂದಿನ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಲ್ಲಿ ಬೆಟ್ಟದ ಮೇಲೆ ಸುತ್ತಿ ಪುಷ್ಪವೃಷ್ಟಿ ಮಾಡಿದರು. ಸುಮಾರು 58 ಅಡಿಗಳ ಆ ಮೂರ್ತಿಯ ಶಿರಸ್ಸನ್ನು ಮುಟ್ಟಲು ತಲೆತಲಾಂತರದಿಂದ ಮರದ ಅಟ್ಟಣೆಯನ್ನು ಕಟ್ಟುತ್ತಿದ್ದ ನಾಡಿನಲ್ಲಿ, ಆಕಾಶದಿಂದ ಹೂವು ಬಿದ್ದುದನ್ನು ಕಂಡವರು ಅದನ್ನು ಮರೆಯಲಾರರು. ಸಾವಿರ ವರ್ಷ ನಿಂತಲ್ಲಿಯೇ ನಿಂತವನ ಮೇಲೆ, ಒಂದು ಕ್ಷಣವೂ ಸುಮ್ಮನಿರಲಾರದ ಯಂತ್ರವು ಹೂವು ಚೆಲ್ಲಿತು.

ಈ ಯಂತ್ರವನ್ನು ಬಾಡಿಗೆಯ ವಾಹನವನ್ನಾಗಿ ಮಾಡಿದವರಲ್ಲಿ ಅಗ್ರಗಣ್ಯರೂ ಇದೇ ಜಿಲ್ಲೆಯವರು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಪ್ರಬಂಧಗಳಿಂದ ಕನ್ನಡಿಗರೆಲ್ಲರಿಗೂ ನೆರೆಯೂರಾದ ಆ ಗೊರೂರಿನಲ್ಲಿಯೇ, 1951ರಲ್ಲಿ ಹುಟ್ಟಿದ ಜಿ. ಆರ್. ಗೋಪಿನಾಥರು ಉಪಾಧ್ಯಾಯರೊಬ್ಬರ ಮಗನಾಗಿ ಬಾಲ್ಯವನ್ನು ಕಳೆದರು. ಅವರ ಹೆಸರಿನ ಹಿಂದಿರುವ ಕ್ಯಾಪ್ಟನ್ ಎಂಬ ಬಿರುದನ್ನು ನೋಡಿ ಅವರು ವಿಮಾನ ನಡೆಸುವವರೆಂದು ಹಲವರು ಭ್ರಮಿಸುವುದುಂಟು. ಅದು ಭೂಸೇನೆಯ ಪದವಿ. ಬಿಜಾಪುರದ ಸೈನಿಕ ಶಾಲೆಯಲ್ಲಿ ಓದಿ, ಸೇನೆಯನ್ನು ಸೇರಿ, 1971ರ ಯುದ್ಧವನ್ನು ಕಂಡು, ಇನ್ನೂ ಮೂವತ್ತು ತುಂಬುವ ಮೊದಲೇ ರಾಜೀನಾಮೆ ಕೊಟ್ಟು ಅವರು ಊರಿಗೆ ಮರಳಿದರು. ಮನೆತನದ ಜಮೀನು ಹೇಮಾವತಿಯ ಅಣೆಕಟ್ಟಿಗೆ ಮುಳುಗಿತ್ತು. ಪರಿಹಾರವಾಗಿ ಜಾವಗಲ್ಲಿನ ಬಳಿ ದೊರೆತ ಬರಡು ನೆಲದಲ್ಲಿ ಗುಡಾರ ಹಾಕಿ, ತೆಂಗನ್ನೂ ರೇಷ್ಮೆಯನ್ನೂ ಬೆಳೆದರು. ಆ ವ್ಯವಸಾಯಕ್ಕಾಗಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿಯೂ ಬಂದಿತು. 1997ರಲ್ಲಿ ಅವರು ಗೆಳೆಯರೊಡಗೂಡಿ ಬೆಂಗಳೂರಿನಲ್ಲಿ ಡೆಕ್ಕನ್ ಏವಿಯೇಷನ್ ಎಂಬ ಹೆಲಿಕಾಪ್ಟರಿನ ಸಂಸ್ಥೆಯ ಕೆಲಸವನ್ನು ಆರಂಭಿಸಿದರು. ಹೀಗೆ ಒಮ್ಮೆ ತಗ್ಗಿನಲ್ಲಿ ಹಾರುತ್ತಿದ್ದಾಗ ಹಳ್ಳಿಯ ಹೆಂಚಿನ ಮನೆಗಳ ಮೇಲೆಯೂ ದೂರದರ್ಶನದ ಕಂಬಗಳನ್ನು ಕಂಡು, ಈ ಜನರೂ ವಿಮಾನವನ್ನು ಏಕೆ ಏರಬಾರದು ಎಂಬ ಆಲೋಚನೆ ತಮಗೆ ಹುಟ್ಟಿತೆಂದು ಅವರು ಹೇಳಿಕೊಂಡಿರುವರು. 2003ರ ಆಗಸ್ಟಿನಲ್ಲಿ ಹಾರತೊಡಗಿದ ಏರ್ ಡೆಕ್ಕನ್ ಎಂಬ ಅಗ್ಗದ ವಿಮಾನ ಸೇವೆಯು ಆ ಆಲೋಚನೆಯ ಫಲ. ಮೂವತ್ತು ಸಾವಿರ ಅಡಿಗಳಿಂದ ನೋಡಿದ್ದರೆ ಆ ಕಂಬಗಳು ಕಾಣುತ್ತಿರಲಿಲ್ಲ.

ಆದರೆ ನೆಲದ ಸಾಮೀಪ್ಯವೆಂಬುದು ಎರಡು ಅಲಗಿನ ಕತ್ತಿ. ಎತ್ತರದಲ್ಲಿ ಹಾರುವ ವಿಮಾನಕ್ಕೆ ವಿಪತ್ತು ಒದಗಿದರೆ ಯೋಚಿಸಲು ನಿಮಿಷಗಳಿರುವುವು. ತಗ್ಗಿನಲ್ಲಿರುವುದಕ್ಕೆ ಕ್ಷಣಗಳು ಮಾತ್ರ. ಹೆಲಿಕಾಪ್ಟರಿನ ಯಂತ್ರವು ನಿಂತರೆ ಅದು ಕಲ್ಲಿನಂತೆ ಬೀಳುವುದೆಂದು ಜನರು ತಿಳಿದಿರುವರು. ಅದು ಪೂರ್ಣ ಸತ್ಯವಲ್ಲ. ಜಾತ್ರೆಯಲ್ಲಿ ಮಕ್ಕಳು ಕೊಳ್ಳುವ ಗಿರಿಗಿಟ್ಟಲೆಯನ್ನು ಗಾಳಿಯು ತಿರುಗಿಸುವಂತೆ, ಕೆಳಗಿಳಿಯುವಾಗ ಮೇಲೇಳುವ ಗಾಳಿಯು ಅದರ ರೆಕ್ಕೆಗಳನ್ನು ತಿರುಗಿಸುತ್ತಲೇ ಇರುವುದು. ಚತುರನಾದ ಚಾಲಕನು ಆ ತಿರುಗಾಟದ ಶಕ್ತಿಯನ್ನು ಕೂಡಿಟ್ಟು ಕೊನೆಯ ಗಳಿಗೆಯಲ್ಲಿ ವ್ಯಯಿಸಿ ಮೆಲ್ಲನೆ ಇಳಿಸಬಲ್ಲನು. ಆದರೆ ಅದಕ್ಕೆ ತಕ್ಕಷ್ಟು ಎತ್ತರವಾದರೂ ಇರಬೇಕು, ಇಲ್ಲವೇ ವೇಗವಾದರೂ ಇರಬೇಕು. ಎರಡೂ ಇಲ್ಲದ ಗಳಿಗೆಯಲ್ಲಿ ಯಾವ ಚಾತುರ್ಯವೂ ನಡೆಯದು. ಒಂಟಿ ಯಂತ್ರದ ಕಿರುವಿಮಾನಕ್ಕೂ ನೆಲವನ್ನು ಬಿಟ್ಟ ಮೊದಲ ನಿಮಿಷವೇ ಗಂಡಾಂತರದ ನಿಮಿಷ.

ಕನ್ನಡಿಗರಿಗೆ ಈ ನಿಮಿಷದ ಬೆಲೆಯು 2004ರ ಏಪ್ರಿಲ್ 17ರಂದು ತಿಳಿಯಿತು. ಅಂದು ಬೆಂಗಳೂರಿನ ಜಕ್ಕೂರಿನಿಂದ ಚುನಾವಣೆಯ ಪ್ರಚಾರಕ್ಕಾಗಿ ಕರೀಂನಗರಕ್ಕೆ ಹೊರಟ ಸೆಸ್ನಾ 180 ಎಂಬ ಪುಟ್ಟ ವಿಮಾನವು ಮೇಲೆದ್ದ ಸ್ವಲ್ಪ ಹೊತ್ತಿನಲ್ಲಿಯೇ ಹತ್ತಿರದ ಕೃಷಿ ವಿಶ್ವವಿದ್ಯಾನಿಲಯದ ಆವರಣದಲ್ಲಿ ಬಿದ್ದು ಉರಿದುಹೋಯಿತು. ಅದರಲ್ಲಿದ್ದ ನಾಲ್ವರೂ ತೀರಿಕೊಂಡರು. ಅವರಲ್ಲಿ ನಟಿ ಸೌಂದರ್ಯ ಅವರೂ ಅವರ ಅಣ್ಣನೂ ಇದ್ದರು. ಅಣೆಕಟ್ಟಿನ ನೀರಿಗೆ ಮುಳುಗುವ ಮನೆಯನ್ನು ಬಿಡಲಾರದ ಹೆಣ್ಣೊಬ್ಬಳ ಪಾತ್ರವನ್ನು ‘ದ್ವೀಪ’ ಚಿತ್ರದಲ್ಲಿ ಅಭಿನಯಿಸಿ, ಆ ಚಿತ್ರವನ್ನು ತಾವೇ ನಿರ್ಮಿಸಿ, ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಮನ್ನಣೆಗೆ ಅದನ್ನು ಪಾತ್ರಗೊಳಿಸಿದ್ದ ಆ ಕಲಾವಿದೆಯ ಬಾಳು ಹೊರಟ ನಿಲ್ದಾಣದ ಕಣ್ಣಳತೆಯಲ್ಲಿಯೇ ಮುಗಿಯಿತು.

ಯಂತ್ರವು ಸರಿಯಾಗಿದ್ದರೂ ತಗ್ಗಿನ ಆಕಾಶದಲ್ಲಿ ಶತ್ರುಗಳಿಗೆ ಕೊರತೆಯಿಲ್ಲ. ವಿದ್ಯುತ್ತಿನ ತಂತಿಯು ಹತ್ತಿರ ಬರುವವರೆಗೂ ಕಾಣದು. ಕಂಡವರು ಕೈಮುಗಿಯುವ ಪಕ್ಷಿಯ ಕುಲವೇ ಕೆಲವೊಮ್ಮೆ ಮೃತ್ಯುವಿನ ದೂತನಾಗುವುದುಂಟು. 2023ರ ಮೇ 2ರಂದು ಜಕ್ಕೂರಿನಿಂದ ಮುಳಬಾಗಿಲಿಗೆ ಹೊರಟಿದ್ದ ಡಿ. ಕೆ. ಶಿವಕುಮಾರರ ಹೆಲಿಕಾಪ್ಟರಿಗೆ ಹೊಸಕೋಟೆಯ ಬಳಿ ಹದ್ದೊಂದು ಬಡಿದು ಮುಂದಿನ ಗಾಜು ಒಡೆಯಿತು. ಚಾಲಕನು ಎದೆಗುಂದದೆ ಅದನ್ನು ಹಿಂದಿರುಗಿಸಿ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಸಿದನು. ಅದೇ ವರ್ಷದ ಮಾರ್ಚ್ 6ರಂದು ಕಲಬುರಗಿ ಜಿಲ್ಲೆಯ ಜೇವರ್ಗಿಯಲ್ಲಿ ಬಿ. ಎಸ್. ಯಡಿಯೂರಪ್ಪನವರ ಹೆಲಿಕಾಪ್ಟರು ಇಳಿಯುವಾಗ, ಮೈದಾನದಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಹಾಳೆಗಳೂ ಚೀಲಗಳೂ ರೆಕ್ಕೆಯ ಗಾಳಿಗೆ ಮೇಲೆದ್ದು ಹಾರಾಡಿದುವು. ಚಾಲಕನು ಕೂಡಲೇ ವಾಹನವನ್ನು ಮತ್ತೆ ಮೇಲಕ್ಕೆತ್ತಿ, ನೆಲವನ್ನು ಸ್ವಚ್ಛಮಾಡಿದ ಬಳಿಕ ಇಳಿಸಿದನು. ಇವೆರಡು ಪ್ರಸಂಗಗಳಲ್ಲಿಯೂ ಎಲ್ಲರೂ ಬದುಕಿದರು. ಇಂಥವು ಒಂದು ದಿನದ ವಾರ್ತೆಯಾಗಿ ಮರೆತುಹೋಗುವುವು. ಆದರೆ ಈ ವಿದ್ಯೆಯ ಸಾರವು ಇಂಥವುಗಳಲ್ಲಿಯೇ ಅಡಗಿರುವುದು. ಮುಂದೆ ಹೋಗದೆ ಹಿಂದಿರುಗಿದುದೂ, ಇಳಿಯದೆ ಮೇಲೆದ್ದುದೂ ಅಲ್ಲಿ ಪ್ರಾಣವನ್ನು ಉಳಿಸಿದುವು.

ಹದ್ದಿಗಿಂತಲೂ ತಂತಿಗಿಂತಲೂ ದೊಡ್ಡ ಶತ್ರುವು ಮೋಡ. ಬಿಸಿಲೆಯ ಘಟ್ಟದಲ್ಲಿಯೋ ಸಕಲೇಶಪುರದ ಕಣಿವೆಗಳಲ್ಲಿಯೋ ಆಷಾಢದ ಮೋಡವು ಗುಡ್ಡವನ್ನು ಕ್ಷಣಮಾತ್ರದಲ್ಲಿ ನುಂಗುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದಿಗಂತವು ಮರೆಯಾದೊಡನೆ ಮನುಷ್ಯನ ಕಿವಿಯೊಳಗಿನ ತೂಕದ ಅರಿವು ಅವನಿಗೆ ಸುಳ್ಳು ಹೇಳತೊಡಗುವುದು. ವಾಹನವು ಓರೆಯಾಗಿದ್ದರೂ ನೇರವಾಗಿದೆಯೆಂದೂ, ಇಳಿಯುತ್ತಿದ್ದರೂ ಏರುತ್ತಿದೆಯೆಂದೂ ತೋರುವುದು. ಆಗ ಮೈಯ ಮಾತನ್ನು ನಂಬದೆ ಎದುರಿಗಿರುವ ಮುಳ್ಳುಗಳನ್ನೇ ನಂಬಬೇಕು. ಹಾಗೆ ನಂಬಲು ವಿಶೇಷ ಅಭ್ಯಾಸವೂ ಬೇಕು. 2002ರ ಮಾರ್ಚ್ 3ರಂದು ಲೋಕಸಭೆಯ ಅಧ್ಯಕ್ಷರಾಗಿದ್ದ ಜಿ. ಎಂ. ಸಿ. ಬಾಲಯೋಗಿಯವರು ಆಂಧ್ರದ ಕೈಕಲೂರಿನ ಬಳಿ ಮೀನಿನ ಕೆರೆಗೆ ಬಿದ್ದ ಹೆಲಿಕಾಪ್ಟರಿನಲ್ಲಿ ತೀರಿಕೊಂಡರು. ಅದು ಗೋಪಿನಾಥರ ಸಂಸ್ಥೆಯದೇ ಆಗಿತ್ತು. 2009ರ ಸೆಪ್ಟೆಂಬರ್ 2ರಂದು ಮುಖ್ಯಮಂತ್ರಿ ವೈ. ಎಸ್. ರಾಜಶೇಖರ ರೆಡ್ಡಿಯವರ ಹೆಲಿಕಾಪ್ಟರು ಮಳೆಗಾಲದ ಹವೆಯಲ್ಲಿ ನಲ್ಲಮಲದ ಕಾಡಿನೊಳಗೆ ಬಿದ್ದಿತು; ಅದಕ್ಕೆ ಎರಡು ಯಂತ್ರಗಳಿದ್ದುವು. 2021ರ ಡಿಸೆಂಬರ್ 8ರಂದು ಕೂನೂರಿನ ಬಳಿ ಜನರಲ್ ಬಿಪಿನ್ ರಾವತ್ ಅವರಿದ್ದ ಸೇನೆಯ ದೊಡ್ಡ ಹೆಲಿಕಾಪ್ಟರು ಹಠಾತ್ತಾಗಿ ಕವಿದ ಮೋಡವನ್ನು ಹೊಕ್ಕು ಬೆಟ್ಟಕ್ಕೆ ತಗುಲಿತೆಂದು ವಿಚಾರಣೆಯು ನಿರ್ಣಯಿಸಿತು. ಅದರಲ್ಲಿದ್ದ ಹದಿನಾಲ್ವರಲ್ಲಿ ಯಾರೂ ಉಳಿಯಲಿಲ್ಲ. ಯಂತ್ರವು ಒಂದಿರಲಿ ಎರಡಿರಲಿ, ಏರಿದವನು ಮಂತ್ರಿಯಾಗಿರಲಿ ದಂಡನಾಯಕನಾಗಿರಲಿ, ಮೋಡಕ್ಕೆ ಅದರ ಗಣನೆಯಿಲ್ಲ.

ಮೋಡಕ್ಕೆ ಗಣನೆಯಿಲ್ಲದ ಆ ದೊಡ್ಡತನವು ಚಾಲಕನ ಮನಸ್ಸಿಗೆ ಮಾತ್ರ ಭಾರವಾಗುವುದು. ಹೆಲಿಕಾಪ್ಟರನ್ನು ಏರುವವನು ಸಾಮಾನ್ಯವಾಗಿ ಅವಸರದವನು. ಬೆಂಗಳೂರಿನಿಂದ ಹಾಸನಕ್ಕೆ ರಸ್ತೆಯಲ್ಲಿ ಮೂರು ಗಂಟೆಗೂ ಮಿಕ್ಕ ಪ್ರಯಾಣವನ್ನು ಒಂದು ಗಂಟೆಯೊಳಗೆ ಮುಗಿಸುವುದಕ್ಕಾಗಿಯೇ ಅವನು ಅಷ್ಟು ಹಣವನ್ನು ತೆರುವುದು. ಅತ್ತ ಮದುವೆಯ ಮುಹೂರ್ತವೋ, ಶಂಕುಸ್ಥಾಪನೆಯ ಲಗ್ನವೋ, ಬಿಸಿಲಿನಲ್ಲಿ ಕಾಯುತ್ತಿರುವ ಸಭೆಯೋ ಇರುವುದು. ದೈವಾಧೀನರಾದವರ ಮೇಲೆ ಅವಸರದ ಆರೋಪವನ್ನು ಹೊರಿಸುವುದು ನ್ಯಾಯವಲ್ಲ. ಆದರೆ ಯಾರೂ ಬಾಯಿಬಿಟ್ಟು ಒತ್ತಾಯಿಸದಿದ್ದರೂ ಒತ್ತಾಯವು ಇರಬಲ್ಲುದೆಂಬುದಕ್ಕೆ ಅಮೆರಿಕದಿಂದ ಒಂದು ನಿದರ್ಶನವುಂಟು. 2020ರ ಜನವರಿ 26ರಂದು ಪ್ರಸಿದ್ಧ ಆಟಗಾರ ಕೋಬಿ ಬ್ರಯಂಟನೂ ಅವನ ಹದಿಮೂರು ವರ್ಷದ ಮಗಳೂ ಸೇರಿ ಒಂಬತ್ತು ಜನರು ಕ್ಯಾಲಿಫೋರ್ನಿಯದಲ್ಲಿ ಹೆಲಿಕಾಪ್ಟರಿನಲ್ಲಿ ಮಡಿದರು. ಮೋಡವನ್ನು ಹೊಕ್ಕ ಚಾಲಕನಿಗೆ ದಿಕ್ಕು ತಪ್ಪಿತೆಂದು ಆ ದೇಶದ ವಿಚಾರಣಾ ಮಂಡಲಿಯು ಮರುವರ್ಷ ತೀರ್ಮಾನಿಸಿತು. ಬ್ರಯಂಟನಾಗಲಿ ಸಂಸ್ಥೆಯಾಗಲಿ ಅವನನ್ನು ಒತ್ತಾಯಿಸಿದುದಕ್ಕೆ ಸಾಕ್ಷ್ಯವು ಕಂಡುಬರಲಿಲ್ಲ. ದೊಡ್ಡವರನ್ನು ಹೊತ್ತಿಗೆ ಮುಟ್ಟಿಸಬೇಕೆಂಬ ಭಾರವನ್ನು ಅವನು ತಾನೇ ತನ್ನ ಮೇಲೆ ಹೇರಿಕೊಂಡಿರಬೇಕೆಂದು ಅವರು ಬರೆದರು. ಸ್ವಾಮಿಭಕ್ತಿಯು ಕೆಲವು ಕೆಲಸಗಳಲ್ಲಿ ಗುಣ. ಆಕಾಶದಲ್ಲಿ ಅದೇ ದೋಷವಾಗಬಹುದು.

ಇದರಿಂದ ಈ ವಾಹನವೇ ಬೇಡವೆನ್ನುವುದು ಅವಿವೇಕ. 2022ರ ಫೆಬ್ರವರಿ 20ರಂದು ನಂದಿಬೆಟ್ಟದಲ್ಲಿ ಸುಮಾರು 300 ಅಡಿಗಳ ಕೆಳಗೆ ಜಾರಿ ಬಿದ್ದು ಬಂಡೆಯ ಅಂಚಿನಲ್ಲಿ ಸಿಕ್ಕಿಕೊಂಡಿದ್ದ ಹತ್ತೊಂಬತ್ತರ ಹುಡುಗನನ್ನು ವಾಯುಸೇನೆಯ ಹೆಲಿಕಾಪ್ಟರು ಮೇಲಕ್ಕೆತ್ತಿ ತಾಯ್ತಂದೆಗಳಿಗೆ ಉಳಿಸಿಕೊಟ್ಟಿತು. ರಸ್ತೆ ಕೊಚ್ಚಿಹೋದ ಊರಿಗೆ ಅನ್ನವನ್ನೂ, ಪ್ರವಾಹದ ನಡುವಿನ ಮರಕ್ಕೆ ಹಗ್ಗವನ್ನೂ ಇಳಿಸಬಲ್ಲ ವಾಹನವು ಬೇರೊಂದಿಲ್ಲ. ಹಾಸನದವರಿಗೆ ಆಕಾಶವು ಹೊಸದೂ ಅಲ್ಲ. 36,000 ಕಿಲೋಮೀಟರುಗಳ ಎತ್ತರದಲ್ಲಿರುವ ಉಪಗ್ರಹಗಳನ್ನು 1982ರಿಂದ ನಡೆಸುತ್ತಿರುವ ಕೇಂದ್ರವು ಅವರ ಊರಿನಲ್ಲಿಯೇ ಇರುವುದು. ಅಲ್ಲಿ ಕೆಲಸ ಮಾಡುವವರಿಗೆ ಅವಸರವೆಂಬುದು ಗೊತ್ತಿಲ್ಲ. ಲೆಕ್ಕವು ಸರಿಬಂದ ಮೇಲೆಯೇ ಆಜ್ಞೆಯು ಹೊರಡುವುದು. ಎತ್ತರದ ಆಕಾಶದಲ್ಲಿ ನಡೆಯುವ ಆ ನಿಯಮವು ತಗ್ಗಿನ ಆಕಾಶದಲ್ಲಿಯೂ ನಡೆಯಬೇಕಾದುದು ನ್ಯಾಯವಾಗಿದೆ.

ಹಾರುವ ಧೈರ್ಯವನ್ನು ಲೋಕವು ಕೊಂಡಾಡುವುದು ಸಹಜ. ಆದರೆ ಸಭೆಯು ನೆರೆದಿರುವಾಗ, ಯಜಮಾನನು ಗಡಿಯಾರವನ್ನು ನೋಡುತ್ತಿರುವಾಗ, ಪಶ್ಚಿಮದಲ್ಲಿ ಮೋಡವು ಕರಿಯಾಗುತ್ತಿರುವುದನ್ನು ಕಂಡು, “ಈ ದಿನ ಆಗದು, ಸ್ವಾಮಿ” ಎಂದು ಮೆಲ್ಲನೆ ಹೇಳುವ ಚಾಲಕನ ಧೈರ್ಯವು ಅದಕ್ಕಿಂತ ಕಡಮೆಯದಲ್ಲ. ಆ ಮಾತನ್ನು ಕೇಳಿ ಮುಖವನ್ನು ಸಿಂಡರಿಸದೆ, “ಹಾಗಾದರೆ ಕಾರಿನಲ್ಲಿಯೇ ಹೋಗೋಣ” ಎನ್ನುವ ಯಜಮಾನನದು ಇನ್ನೂ ದೊಡ್ಡತನ. ಇತ್ತ ಮೈದಾನದಲ್ಲಿ ಕಾದವರದೂ ಒಂದು ಕರ್ತವ್ಯವುಂಟು. ದೊಡ್ಡವರು ಬರಲಿಲ್ಲವೆಂದು ಗೊಣಗದೆ, ಹಾಸಿದ ಚಾಪೆಯನ್ನು ಸುತ್ತಿಕೊಂಡು ಮನೆಗೆ ನಡೆಯುವುದು. ಮುಹೂರ್ತವನ್ನು ಪುರೋಹಿತರು ಮತ್ತೊಂದು ದಿನಕ್ಕೆ ಇಟ್ಟುಕೊಟ್ಟಾರು.