ಸುಣ್ಣದಿಂದ ಗಂಧಕದವರೆಗೆ

ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಹತ್ತನೆಯ ತರಗತಿಯವರೆಗೆ ವಿಜ್ಞಾನ ಕನ್ನಡದಲ್ಲಿ. ಪ್ಲಸ್ ವನ್‌ಗೆ ಹೋದರೆ ಇಂಗ್ಲಿಷಿನಲ್ಲಿ. "ಆಮೇಲೆ ಮಕ್ಕಳಿಗೆ ಕಷ್ಟ ಆಗುವುದಿಲ್ಲವಾ ಮಾಷ್ಟ್ರೇ?" ಎಂದು ಹೆತ್ತವರು ಕೇಳುತ್ತಲೇ ಇರುತ್ತಾರೆ. ಅವರ ಆತಂಕ ಸುಳ್ಳಲ್ಲ. ನಾವು ಕೊಡುವ ಉತ್ತರ ಆವರ್ತ ಕೋಷ್ಟಕದ ಪಾಠದಲ್ಲೇ ಇದೆ.

ಮೂರನೆಯ ಆವರ್ತವನ್ನು ನೋಡಿ. ಸೋಡಿಯಂ, ಮೆಗ್ನೀಸಿಯಂ ಆಕ್ಸೈಡುಗಳು ಪ್ರತ್ಯಾಮ್ಲೀಯ, ಅಲ್ಯುಮಿನಿಯಂನದು ಉಭಯಧರ್ಮಿ, ಸಿಲಿಕಾನ್, ರಂಜಕ, ಗಂಧಕ, ಕ್ಲೋರಿನ್‌ಗಳದು ಆಮ್ಲೀಯ. ಇಷ್ಟನ್ನೇ ಬಾಯಿಪಾಠ ಮಾಡಿಸಿದರೆ ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ. ಹಾಗಾಗಿ ನಾವು ಸುಣ್ಣದಿಂದ ಹೊರಡುತ್ತೇವೆ.

ಕ್ಯಾಲ್ಸಿಯಂ ಇರುವುದು ಮೆಗ್ನೀಸಿಯಂನ ಕೆಳಗಿನ ಮನೆಯಲ್ಲಿ. ಈ ಗುಂಪಿನಲ್ಲಿ ಕೆಳಗಿಳಿದಂತೆ ಆಕ್ಸೈಡಿನ ಪ್ರತ್ಯಾಮ್ಲ ಗುಣ ಹೆಚ್ಚುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿಯುವುದನ್ನು, ಅರಸಿನಕ್ಕೆ ಸುಣ್ಣ ಬೆರೆಸಿದ ಕುರ್ದಿ ನೀರು ಕೆಂಪಾಗುವುದನ್ನು ನಮ್ಮ ಮಕ್ಕಳು ಕಂಡವರೇ. ಅಡಿಕೆಗೆ ಕೊಳೆರೋಗದ ಮದ್ದು ಬಿಡುವಾಗ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮೈಲುತುತ್ತಿನ ಆಮ್ಲ ಗುಣವನ್ನು ತಣಿಸುವುದೂ ಇದೇ ಸುಣ್ಣ.

ಇನ್ನು ಬಲಗಡೆಯ ಗಂಧಕ. ಅದನ್ನು ಉರಿಸಿದ ಹೊಗೆಗೆ ಒದ್ದೆ ನೀಲಿ ಲಿಟ್ಮಸ್ ಹಿಡಿದರೆ ಕೆಂಪಾಗುತ್ತದೆ. ಯಾಕೆ ಹೀಗೆ? ಸೋಡಿಯಂ ತನ್ನ ಹೊರಗಿನ ಇಲೆಕ್ಟ್ರಾನನ್ನು ಆಕ್ಸಿಜನ್‌ಗೆ ಸುಲಭವಾಗಿ ಬಿಟ್ಟುಕೊಡುತ್ತದೆ. ಹಾಗೆ ಉಂಟಾದ ಆಕ್ಸೈಡ್ ಅಯಾನು ನೀರಿನಿಂದ ಹೈಡ್ರೋಜನ್ ಅಯಾನನ್ನು ಕಸಿದುಕೊಂಡು ಹೈಡ್ರಾಕ್ಸೈಡ್ ಆಗುತ್ತದೆ. ಗಂಧಕ ಬಿಟ್ಟುಕೊಡುವುದಿಲ್ಲ, ಹಂಚಿಕೊಳ್ಳುತ್ತದೆ. ಅದರ ಆಕ್ಸೈಡ್ ನೀರಿಗೆ ಸೇರಿದರೆ ಹೈಡ್ರೋಜನ್ ಅಯಾನು ಬಿಡುವ ಆಮ್ಲ. ಇಲೆಕ್ಟ್ರಾನ್ ಸೆಳೆಯುವ ಈ ಬಲ ಪೌಲಿಂಗ್ ಮಾನದಲ್ಲಿ ಸೋಡಿಯಂಗೆ 0.93, ಕ್ಲೋರಿನ್‌ಗೆ 3.16.

ನಡುವಿನ ಅಲ್ಯುಮಿನಿಯಂ? ಆ ಪಾತ್ರೆಯಲ್ಲಿ ಹುಣಸೆಹುಳಿ ಇಟ್ಟರೂ ಹಾಳು, ವಾಷಿಂಗ್ ಸೋಡಾದಲ್ಲಿ ತೊಳೆದರೂ ಹಾಳು. ಮೇಲಿನ ಆಕ್ಸೈಡ್ ಪದರವನ್ನು ಎರಡೂ ತಿನ್ನುತ್ತವೆ. "ನಮ್ಮ ಹಾಗೆ ಗಡಿನಾಡಿನದ್ದು" ಎಂದು ಮಕ್ಕಳು ನಗುತ್ತಾರೆ. ನಗಲಿ, ಆದರೆ ಉಭಯಧರ್ಮಿ ಎಂದರೆ ಎರಡರ ಬೆರಕೆಯಲ್ಲ, ಎರಡೂ ಕಡೆ ವ್ಯವಹರಿಸಬಲ್ಲದ್ದು ಎಂದು ಅಲ್ಲೇ ಹೇಳಿಬಿಡುತ್ತೇವೆ.

ಪ್ಲಸ್ ವನ್‌ನಲ್ಲಿ ಪ್ರತ್ಯಾಮ್ಲ 'ಬೇಸ್' ಆಗುತ್ತದೆ, ಉಭಯಧರ್ಮಿ 'ಆಂಫೋಟೆರಿಕ್' ಆಗುತ್ತದೆ. ವಿಷಯ ತಲೆಯಲ್ಲಿ ಗಟ್ಟಿಯಾಗಿ ಕೂತಿದ್ದರೆ ಕಲಿಯಲು ಉಳಿಯುವುದು ಹೊಸ ಹೆಸರು ಮಾತ್ರ. ಅದಕ್ಕೆಂದೇ ಹತ್ತನೆಯವರಿಗೆ ಕೊನೆಯ ತಿಂಗಳಲ್ಲಿ ಎರಡೂ ಭಾಷೆಯ ಹೆಸರುಗಳ ಪಟ್ಟಿ ಬರೆಸುತ್ತೇವೆ. ಹೆತ್ತವರಲ್ಲಿ ನಮ್ಮದು ಒಂದೇ ಕೋರಿಕೆ: ಮುಂದಿನ ಸಲ ಮದ್ದು ಕಲಸುವಾಗ ಮಕ್ಕಳನ್ನು ಹತ್ತಿರ ಕರೆದು "ಸುಣ್ಣ ಯಾಕೆ?" ಎಂದು ಕೇಳಿ. ಉತ್ತರ ಕನ್ನಡದಲ್ಲೇ ಬರುತ್ತದೆ.